ಲಾಕರಿನ ಬೇರಿಂಗುಗಳನ್ನು ಹೊರತಂದ ಸ್ಟೋರಕ್ಕ

ಬೆಳಿಗ್ಗೆ ಐದೂಮುಕ್ಕಾಲು. ಪಂಪು ತಯಾರಿಸುವ ಕಾರ್ಖಾನೆಯ ಸ್ಟೋರಿನ ಕಿಟಕಿ ತೆರೆಯುತ್ತದೆ. ಒಳಗೆ ಸ್ವೆಟರಿನ ತೋಳು ಮಡಚಿ ನಿಂತಿರುವವರು ಇಲ್ಲಿ ಎಲ್ಲರಿಗೂ ‘ಸ್ಟೋರಕ್ಕ’. ಮೊದಲ ಪಾಳಿಯವರು ಬರುವಷ್ಟರಲ್ಲಿ ಅವರು ಕಪಾಟುಗಳ ನಡುವೆ ಒಂದು ಸುತ್ತು ಹಾಕಿಯಾಗಿರುತ್ತದೆ. ಕಂಪ್ಯೂಟರ್ ಹೇಳಿದ್ದನ್ನು ಕಣ್ಣಾರೆ ನೋಡದೆ ನಂಬುವ ಜಾಯಮಾನ ಅವರದಲ್ಲ.

“ಅಕ್ಕಾ, ಗ್ಲೌಸು!”

“ನಿನ್ನೆ ಕೊಟ್ಟಿದ್ದನ್ನ ತಿಂದ್ಬಿಟ್ಯಾ?” ಎನ್ನುತ್ತಲೇ ಹರಿದ ಜೋಡಿ ಈಸಿಕೊಂಡು ಹೊಸದನ್ನು ಕೊಡುತ್ತಾರೆ.

ಇಪ್ಪತ್ತೆರಡು ವರ್ಷದಿಂದ ಇದೇ ಕಿಟಕಿ. ಎರಡು ಸಾವಿರದ ಮುನ್ನೂರು ಬಗೆಯ ಸಾಮಾನು, ಪಾಳಿಗೆ ನೂರೈವತ್ತು ಜನ. ಬೆನ್ನುನೋವಿಗೆ ಗಂಡ ಲಾರಿ ಓಡಿಸುವುದನ್ನು ಬಿಟ್ಟ ಮೇಲೆ ಮನೆ ನಡೆಯುವುದು, ಮಗಳ ನರ್ಸಿಂಗ್ ಓದು ಸಾಗುವುದು ಇವರ ದುಡಿಮೆಯಲ್ಲೇ.

ಹಿಂದೆ ಒಂದು ಬೇರಿಂಗ್ ತರಿಸಬೇಕೆಂದರೆ ಮೂರು ಪ್ರತಿ ಅರ್ಜಿ, ನಾಲ್ಕು ಮೇಜಿನ ಸಹಿ, ಹನ್ನೊಂದು ದಿನ. ಕಳೆದ ವರ್ಷ ಖರೀದಿಗೆಂದೇ ಸಾಫ್ಟ್‌ವೇರ್ ಬಂತು. ಸಾಮಾನು ಇಂತಿಷ್ಟಕ್ಕಿಂತ ಕೆಳಗಿಳಿದರೆ ಅದು ತಾನೇ ಮಾರಾಟಗಾರರಿಂದ ದರ ಕೇಳುತ್ತದೆ, ಹೋಲಿಸುತ್ತದೆ. ಮ್ಯಾನೇಜರ್ ಮೊಬೈಲಿನಲ್ಲಿ ಒಪ್ಪಿಗೆ ಒತ್ತಿದರೆ ಎರಡನೇ ದಿನ ಮಾಲು ಬಾಗಿಲಲ್ಲಿ.

ಆದರೆ ಬಂದ ಬೇರಿಂಗುಗಳು ಬಂದ ಹಾಗೇ ಮಾಯ! ಪಂಪುಗಳು ಎಂದಿನಷ್ಟೇ ತಯಾರಾಗುತ್ತಿವೆ, ಬೇರಿಂಗು ಮೂರು ಪಟ್ಟು ಖಾಲಿಯಾಗುತ್ತಿದೆ. ಸಾಫ್ಟ್‌ವೇರ್ ಮತ್ತೆ ಮತ್ತೆ ತರಿಸುತ್ತಲೇ ಇದೆ. ತಿಂಗಳೊಳಗೆ ಇದು ನಿಲ್ಲದಿದ್ದರೆ ಸ್ಟೋರಿಗೆ ಬೇರೆಯವರನ್ನು ಹಾಕುತ್ತೇವೆ ಎಂದಿತು ಕಂಪನಿ.

“ಕದ್ದಿದ್ದೀಯ ಅಂತ ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ. ಗೇಟಲ್ಲಿ ನನ್ನ ಬ್ಯಾಗು ಮಾತ್ರ ಎರಡೆರಡು ಸಲ ನೋಡೋಕೆ ಶುರು ಮಾಡಿದ್ರು.”

ಸಾಫ್ಟ್‌ವೇರಿಗೆ ತಿಳಿಯದ ಸಂಗತಿ ಸ್ಟೋರಕ್ಕನಿಗೆ ತಿಳಿದಿತ್ತು. ಹನ್ನೊಂದು ದಿನ ಕಾದು ಕಾದು ಬೇಸತ್ತಿದ್ದ, ಪಂಪು ಜೋಡಿಸುವ ಫಿಟ್ಟರುಗಳು ಒಂದು ಬೇಕಾದಾಗ ಮೂರು ಒಯ್ದು, ಎರಡನ್ನು ಲಾಕರಿನಲ್ಲಿ ಬಚ್ಚಿಡುವುದನ್ನು ರೂಢಿ ಮಾಡಿಕೊಂಡಿದ್ದರು. ಆಸೆಗಲ್ಲ, ನಾಳೆ ಸಿಗದೇ ಹೋದೀತೆಂಬ ಭಯಕ್ಕೆ. ಈಗ ಕೇಳಿದಷ್ಟೂ ಸಿಗತೊಡಗಿದಾಗ, ಈ ಸುಗ್ಗಿ ಎಷ್ಟು ದಿನವೋ ಎಂದು ಇನ್ನಷ್ಟು ತುಂಬಿಕೊಂಡರು. ಹೆಸರು ಹೇಳಿದರೆ ಸ್ಟೋರಕ್ಕನ ಕೆಲಸ ಉಳಿಯುತ್ತಿತ್ತು, ಹತ್ತಾರು ಜನರದು ಹೋಗುತ್ತಿತ್ತು.

ಒಂದು ಮುಂಜಾನೆ ಕೈಗಾಡಿ ತಳ್ಳಿಕೊಂಡು ಲಾಕರ್ ಕೋಣೆಗೇ ಹೋದರು.

“ಯಾರು ಇಟ್ಟಿದ್ದೀರಿ ಅಂತ ಕೇಳಲ್ಲ ಕಣ್ರಪ್ಪಾ. ನಾನು ಗೋಡೆ ಕಡೆ ತಿರುಗಿ ನಿಂತಿರ್ತೀನಿ. ಗಾಡಿಗೆ ಹಾಕಿ.”

“ನಾಳೆ ಸಿಗದಿದ್ರೆ?” ಎಂದರಂತೆ ಎಲ್ಲರಿಗಿಂತ ಹಿರಿಯ ಫಿಟ್ಟರ್.

“ಬಂದು ನನ್ನ ಮುಖಕ್ಕೆ ಉಗೀರಿ.”

ಸ್ಟೋರಕ್ಕ ಗೋಡೆಗೆ ಮುಖ ಮಾಡಿ ನಿಂತರು. ಆಮೇಲೆ ಬೆನ್ನ ಹಿಂದೆ ಒಂದು ಟಣ್. ಮತ್ತೊಂದು. ಮೂರು ಮುಂಜಾನೆಯಲ್ಲಿ ನಾನೂರ ಹನ್ನೆರಡು ಬೇರಿಂಗ್ ಮರಳಿದವು. ಎಷ್ಟೋ ಡಬ್ಬಗಳ ಮುಚ್ಚಳವನ್ನೇ ತೆರೆದಿರಲಿಲ್ಲ. ಒಂದೊಂದನ್ನೂ ಕಂಪ್ಯೂಟರಿಗೆ ಏರಿಸಿ, ಹೆಸರುಗಳನ್ನು ನುಂಗಿಕೊಂಡು, ನಡೆದದ್ದನ್ನು ಮ್ಯಾನೇಜರಿಗೆ ಹೇಳಿದರು. ಮುಂದಿನ ತಿಂಗಳು ಸಾಫ್ಟ್‌ವೇರ್ ಒಂದು ಬೇರಿಂಗೂ ತರಿಸಲಿಲ್ಲ. ಯಾವ ಸಾಮಾನು ಎಷ್ಟಕ್ಕಿಳಿದರೆ ಖರೀದಿಸಬೇಕೆಂದು ಅದಕ್ಕೆ ಈಗ ಹೇಳಿಕೊಡುವವರು ಸ್ಟೋರಕ್ಕನೇ.

“ನಾನು ಹೇಳ್ದಂಗೆ ಕೇಳೋರು ಮನೇಲಿ ಯಾರೂ ಇಲ್ಲ, ಕೇಳೋದು ಇದೊಂದೇ” ಎಂದು ನಗುತ್ತಾರೆ.

ನಾವು ಮಾತಾಡುತ್ತಿರುವಾಗಲೇ ಆ ಹಿರಿಯ ಫಿಟ್ಟರ್ ಕಿಟಕಿಗೆ ಬರುತ್ತಾರೆ. ಬೇರಿಂಗ್ ಬೇಕಂತೆ.

“ಎಷ್ಟು ಕೊಡ್ಲಣ್ಣಾ?”

“ಒಂದು.”

“ಒಂದೇ ಸಾಕಾ?”

“ಸಾಕಮ್ಮ. ನಾಳೆ ನೀನಿರ್ತೀಯಲ್ಲ.”