ಉಂಡ ಮನೆಯ ಕಪ್ಪು

ಚೀನೀ ಭಾಷೆ ಕಲಿಯುತ್ತಿರುವ ನನ್ನ ವಿದ್ಯಾರ್ಥಿನಿ ಇಂದು ಕಪ್ಪು ಬಣ್ಣವನ್ನು ಸೂಚಿಸುವ ‘黑’ ಅಕ್ಷರವನ್ನು ಬರೆದು ತೋರಿಸಿದಳು. ಕೆಳಗಿರುವುದು ಬೆಂಕಿ, ಮೇಲಿರುವುದು ಹೊಗೆಯಿಂದ ಮಸಿಗಟ್ಟಿದ ಕಿಂಡಿ ಎಂದು ಹಳಬರು ವಿವರಿಸುತ್ತಾರಂತೆ.

ನಾನು ಬೆಳೆದ ಊರು ಮೊಗುಡಂಪಲ್ಲಿಯಲ್ಲಿ, ನಮ್ಮ ಅಡುಗೆಮನೆಯಲ್ಲೂ ಅಂಥ ಕಿಂಡಿಯಿತ್ತು. ಶಾಲೆಯ ಕರಿಹಲಗೆ ಮಾಸಿದಾಗ ಮಕ್ಕಳು ಮನೆಯಿಂದ ಮಸಿ ತರಬೇಕಿತ್ತು. ಅದನ್ನು ಸೊಪ್ಪಿನ ರಸದಲ್ಲಿ ಅರೆದು ಬಳಿಯುತ್ತಿದ್ದೆವು. ಮಸಿ ತಂದವರಷ್ಟೇ ಮೊದಲ ದಿನ ಹಲಗೆಯ ಮೇಲೆ ತಮ್ಮ ಹೆಸರು ಬರೆಯಬಹುದಿತ್ತು. ಅಜ್ಜಿ ಮಾತ್ರ ಕಿಂಡಿಯನ್ನು ಮುಟ್ಟಗೊಡಲಿಲ್ಲ.

“ಅದು ಈ ಮನಿ ಉಂಡದ್ದರ ಗುರ್ತು. ಹಂಚಾಕ ಅದೇನು ಪೆಪ್ಪರಮೆಂಟ?”

“ಎಲ್ಲಾರೂ ತರ್ತಾರ, ಆಯಿ. ನನ್ನ ಬಾಜೂ ಕೂಡೋ ನಾಗಿ ಒಬ್ಬಾಕಿನೇ ತರಂಗಿಲ್ಲ.”

“ಯಾಕ?”

“ಅವರ ಒಲಿ ದಿನಾ ಹತ್ತಂಗಿಲ್ಲ. ಕಿಂಡಿ ಬೆಳ್ಳಗ ಅದ.”

ಮರುದಿನ ಬೆಳಿಗ್ಗೆ ಅಜ್ಜಿ ತಾನೇ ಕಿಂಡಿಯನ್ನು ಕೆರೆದು, ಕಾಗದದಲ್ಲಿ ಎರಡು ಪೊಟ್ಟಣ ಕಟ್ಟಿದಳು.

“ದೊಡ್ಡದು ನಾಗೀದು. ನಮ್ಮ ಮನೀದಂತ ಸಾಲ್ಯಾಗ ಬಾಯಿ ಬಿಡಬ್ಯಾಡ.”

ಇದನ್ನು ಕೇಳಿದ ವಿದ್ಯಾರ್ಥಿನಿ, ನಾಗಿ ಹೆಸರು ಬರೆದಳೇ ಎಂದು ವಿಚಾರಿಸಿದಳು. ಬರೆದಳು. ಹಲಗೆಯ ಅರ್ಧವನ್ನು ಅವಳ ಹೆಸರೇ ತುಂಬಿತ್ತು. ಉಳಿದವರು ಅಂಚಿನಲ್ಲಿ ಬರೆದೆವು.