ಕೂರಿಸಿ ಮಣ್ಣು ಮಾಡಲು ವಚನ ಹುಡುಕುತ್ತ ದೇವದುರ್ಗಕ್ಕೆ

ರಾಯಚೂರು ನಿಲ್ದಾಣದಿಂದ ಬೆಳಗಿನ ಮಾನ್ವಿ ಬಸ್ಸು ಹೊರಡುವ ಮೊದಲೇ ನನಗೆ ಮೂವರ ಮೇಲೆ ಗುಮಾನಿ ಹುಟ್ಟಿತ್ತು. ಚಹಾದವನು ಹಾಲಿಗೆ ಧಾರಾಳವಾಗಿ ನೀರು ಬೆರೆಸಿದ್ದ. ಕಂಡಕ್ಟರು ಚಿಲ್ಲರೆ ಇಳಿಯುವಾಗ ಕೊಡುತ್ತೇನೆ ಎಂದಿದ್ದ. ಮೂರನೆಯವನು ದೇವದುರ್ಗದಲ್ಲಿ ಹಾಸಿಗೆ ಹಿಡಿದಿದ್ದ ಯೋಹಾನಪ್ಪ. ಮೊದಲಿಬ್ಬರ ಮಾತು ಬಿಡಿ, ಅವರು ಎಲ್ಲ ಊರಲ್ಲೂ ಇರುತ್ತಾರೆ. ಯೋಹಾನಪ್ಪನ ಸಲುವಾಗಿಯೇ ನಾನು ಶಾಲೆಗೆ ರಜೆ ಹಾಕಿ ಹೊರಟಿದ್ದೆ. ಎಪ್ಪತ್ತೆಂಟನೆಯ ಇಸವಿಯ ಫೆಬ್ರುವರಿ, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಹಿಂದಿನ ವಾರ ಅವನ ಮಗ ಸಮುವೇಲ ನನ್ನ ಮನೆಗೆ ಬಂದಿದ್ದ. ಚಿಕ್ಕಂದಿನಲ್ಲಿ ರಾಯಚೂರಿನ ಬೋರ್ಡಿಂಗಿನಲ್ಲಿದ್ದು ನನ್ನ ಕೈಯಲ್ಲೇ ಕಲಿತವನು, ಈಗ ದೇವದುರ್ಗದಲ್ಲಿ ಬಟ್ಟೆ ಹೊಲಿಯುತ್ತಾನೆ. ಅವನ ಅಪ್ಪ ಕುರಿ ಕಾಯುತ್ತಿದ್ದವನು, ಪ್ರಾಯದಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು ನಮ್ಮ ಕ್ರೈಸ್ತ ಸಭೆಗೆ ಸೇರಿದ್ದ. ಹೆಂಡತಿ ಮಾರ್ತಮ್ಮ ತೀರಿಕೊಂಡು ಕ್ರೈಸ್ತರ ಸಮಾಧಿ ಭೂಮಿಯಲ್ಲಿದ್ದಾಳೆ. ಈಗ ಮುದುಕನದು ಒಂದೇ ಹಟ: ನನ್ನನ್ನು ಅವಳ ಪಕ್ಕದಲ್ಲೇ ಮಣ್ಣು ಮಾಡಿರಿ, ಆದರೆ ಮಲಗಿಸಬೇಡಿರಿ, ಕೂರಿಸಿರಿ. ಅವನು ಹುಟ್ಟಿದ ಮನೆತನದಲ್ಲಿ ಸತ್ತವರನ್ನು ಕೂರಿಸಿಯೇ ಮಣ್ಣು ಮಾಡುವ ಪದ್ಧತಿ. ಸಭೆಯ ಹಿರಿಯರು ಕೆಂಡವಾಗಿದ್ದರು. ಕೂರಿಸುವುದಾದರೆ ನಮ್ಮ ಭೂಮಿಯಲ್ಲಿ ಜಾಗವಿಲ್ಲ, ಎಲ್ಲಾದರೂ ಹೊಲದಲ್ಲಿ ಇಟ್ಟುಕೊಳ್ಳಿ ಎಂದಿದ್ದರು. ಅಂದರೆ ಮುದುಕ ಹೆಂಡತಿಯಿಂದ ದೂರವಾದ.

"ಅಕ್ಕೋರ, ಸತ್ಯವೇದದಾಗ ಎಲ್ಲ್ಯಾರ ವಚನ ಅದ ಏನು ನೋಡ್ರಿ. ನೀವು ಹೇಳಿದ್ರ ಅವ್ರು ಕೇಳ್ತಾರ," ಎಂದಿದ್ದ ಸಮುವೇಲ.

ಕೇಳುತ್ತಾರೋ ಇಲ್ಲವೋ, ನನ್ನ ಬಾಯಿಗಂತೂ ಹೆದರುತ್ತಾರೆ. ಭಾನುವಾರದ ಶಾಲೆಯಲ್ಲಿ ಪಾಠ ಹೇಳಿ ಹೇಳಿ ಯಾರೇ ಏನೇ ಅಂದರೂ "ವಚನ ಎಲ್ಲದ?" ಎಂದು ಕೇಳುವುದು ನನಗೆ ಚಾಳಿಯಾಗಿಬಿಟ್ಟಿದೆ. ಆದರೆ ನಿಜ ಹೇಳುತ್ತೇನೆ, ಮುದುಕನ ಪರ ವಾದಿಸಲು ನಾನು ಹೊರಟಿರಲಿಲ್ಲ. ಇಷ್ಟು ವರ್ಷ ಸಭೆಯಲ್ಲಿ ಕೂತು ಹಾಡಿದವನು ಕೊನೆಗಾಲಕ್ಕೆ ಹಳೆಯ ದೇವರ ಕಡೆ ಜಾರುತ್ತಿದ್ದಾನೆ ಎಂದೇ ನನ್ನ ಲೆಕ್ಕ. ಎದುರಿಗೆ ಕೂತು ಬಾಯಿ ಬಿಡಿಸಬೇಕು ಎಂದು ಹೊರಟಿದ್ದೆ.

ಮಾನ್ವಿ ಐವತ್ತು ಕಿಲೋಮೀಟರಿನ ಒಳಗೇ ಇದ್ದರೂ ಬಸ್ಸು ಎರಡು ತಾಸು ತೆಗೆದುಕೊಂಡಿತು. ಕುರ್ಡಿಗೆ ಹೋಗುವ ಹೆಂಗಸರು ಬುಟ್ಟಿ ಸಮೇತ ನಡುದಾರಿಯಲ್ಲಿ ಇಳಿದ ಮೇಲೆ ಕಾಲು ಚಾಚಲು ಜಾಗವಾಯಿತು. ತೊಡೆಯ ಮೇಲೆ ಸತ್ಯವೇದ ಬಿಚ್ಚಿದೆ. ಅಬ್ರಹಾಮ ಗವಿಯನ್ನು ಕೊಂಡು ಹೆಂಡತಿಯನ್ನು ಹೂಳಿದ, ಯೋಸೇಫನನ್ನು ಪೆಟ್ಟಿಗೆಯಲ್ಲಿ ಇಟ್ಟರು, ಲಾಜರನ ಕೈಕಾಲು ಬಟ್ಟೆಯಲ್ಲಿ ಸುತ್ತಿದ್ದರು. ಮಲಗಿಸಲೇಬೇಕು ಎಂಬ ಅಪ್ಪಣೆ ಒಂದು ಕಡೆಯೂ ಸಿಗಲಿಲ್ಲ. ಕೂರಿಸಿ ಎಂದೂ ಇಲ್ಲ ಅನ್ನಿ. ಮಾನ್ವಿಯಲ್ಲಿ ಇಳಿದು, ಕಂಡಕ್ಟರನ ತೋಳು ಹಿಡಿದು ಚಿಲ್ಲರೆ ಇಸಿದುಕೊಂಡು, ಒಗ್ಗರಣೆ ಮಂಡಕ್ಕಿ ಮಿರ್ಚಿ ತಿಂದು ಪಾಸ್ಟರರ ಮನೆಗೆ ನಡೆದೆ.

ದೇವದುರ್ಗದ ಸಭೆಯನ್ನೂ ಮಾನ್ವಿಯ ಪಾಸ್ಟರರೇ ನೋಡಿಕೊಳ್ಳುತ್ತಿದ್ದರು. ಬೀದರ ಕಡೆಯವರು, ಇನ್ನೂ ಚಿಕ್ಕ ವಯಸ್ಸು, ಮಾತು ಕಡಿಮೆ. ಮಾತೆಲ್ಲ ಸಭಾಹಿರಿಯ ದಾನಿಯೇಲಪ್ಪನವರದು. ನಾನು ಬರುವ ಸುದ್ದಿ ತಿಳಿದು ಮೊದಲೇ ಬಂದು ಕೂತಿದ್ದರು. ಸತ್ತವರನ್ನು ಕಾಲು ಪೂರ್ವಕ್ಕೆ ಮಾಡಿ ಮಲಗಿಸಬೇಕು ಎನ್ನುತ್ತೀರಲ್ಲ, ವಚನ ಎಲ್ಲಿದೆ ಎಂದು ಕೇಳಿದೆ. ಕರ್ತನು ಪೂರ್ವದಿಂದ ಬರುತ್ತಾನೆ, ಎದ್ದ ಕೂಡಲೇ ಮುಖ ಕಾಣಬೇಕು, ಅದಕ್ಕೆ ಹಾಗೆ ಎಂದರು. ಅದು ಕಾರಣವಾಯಿತು, ವಚನ ಅಲ್ಲ ಎಂದೆ. ಹಿರಿಯರು ಹಾಗೆಯೇ ಮಾಡಿಕೊಂಡು ಬಂದಿದ್ದಾರೆ ಎಂದರು. ಯೋಹಾನಪ್ಪನ ಹಿರಿಯರೂ ಏನೋ ಮಾಡಿಕೊಂಡು ಬಂದಿದ್ದರಲ್ಲ ಎಂದೆ. ದಾನಿಯೇಲಪ್ಪನವರ ಮುಖ ಬಿಗಿಯಿತು.

"ಇವತ್ತು ಕುಂದ್ರಿಸ್ರಿ ಅಂತಾನ, ನಾಳಿಗೆ ಹಳೇ ದೇವರ ಅರಿಷಿಣ ಭಂಡಾರ ಹಚ್ರಿ ಅಂತಾನ. ಎಲ್ಲಿಗೆ ನಿಲ್ತದ್ರೀ ಅಕ್ಕೋರ ಇದು?"

ನನ್ನ ಮನಸ್ಸಿನೊಳಗೂ ಅದೇ ಮಾತು ಕೂತಿತ್ತು. ಪಾಸ್ಟರರ ಹೆಂಡತಿ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಜಗಳದ ಬಾಯಲ್ಲೂ ಊಟ ರುಚಿಯಾಗಿತ್ತು. ಅಂದು ಅಲ್ಲೇ ಉಳಿದೆ.

ಮರುದಿನ ಸಿರವಾರದ ಮೇಲೆ ಹೋಗುವ ಬಸ್ಸು ಹಿಡಿದೆ. ಕಾಲುವೆಯ ನೀರು ಬಂದ ಮೇಲೆ ಈ ಸೀಮೆಯ ಬಣ್ಣವೇ ಬದಲಾಗಿದೆ, ರಸ್ತೆಯ ಎರಡೂ ಕಡೆ ನೆಲ್ಲು. ಸಿರವಾರದಲ್ಲಿ ಅಕ್ಕಿ ವ್ಯಾಪಾರದ ಒಬ್ಬ ಸಾಹೇಬರು ಹತ್ತಿ ಪಕ್ಕದ ಸೀಟಿನಲ್ಲಿ ಕೂತರು. ನಾನು ಹಾಳೆ ತಿರುವುತ್ತಿದ್ದುದನ್ನು ನೋಡಿ ಏನು ಹುಡುಕುತ್ತಿದ್ದೀರಿ ಎಂದು ವಿಚಾರಿಸಿದರು. ಹೇಳಿದೆ. ತಮ್ಮಲ್ಲಿ ಬಲಮಗ್ಗುಲಿಗೆ ಮಲಗಿಸಿ ಮುಖವನ್ನು ಕಾಬಾದ ಕಡೆ ತಿರುಗಿಸುತ್ತಾರೆ ಎಂದರು. ಬಳಿಕ, "ಆ ಮುದುಕಪ್ಪ ಯಾಕ ಹಂಗ ಅಂತಾನಂತ ಕೇಳೀರಿ ಏನು?" ಎಂದರು. ಕೇಳಲೆಂದೇ ಹೊರಟಿದ್ದೇನೆ ಎಂದು ಸ್ವಲ್ಪ ಗಡುಸಾಗಿಯೇ ಉತ್ತರಿಸಿದೆ. ನನ್ನ ಕೆಲಸವನ್ನು ನನಗೇ ಕಲಿಸಿದರೆ ನನಗೆ ಸಿಟ್ಟು ಬರುತ್ತದೆ.

ದೇವದುರ್ಗ ಮುಟ್ಟಿದಾಗ ನಡು ಮಧ್ಯಾಹ್ನ. ಸುತ್ತಲ ಗುಡ್ಡದ ಕಲ್ಲು ಕಾದು ಊರೆಲ್ಲ ಬಿಸಿಯಾಗಿತ್ತು. ಸಮುವೇಲನ ಮನೆ ಒಂದೇ ಖೋಲಿಯದು, ಬಾಗಿಲ ಬಳಿ ಹೊಲಿಗೆ ಮಿಷನ್ನು. ನಾನು ಒಳಗೆ ಕಾಲಿಡುತ್ತಲೇ ಕಣ್ಣಾಡಿಸಿದೆ. ಗೂಡಿನಲ್ಲಿ, ಬಾಗಿಲ ಸಂದಿಯಲ್ಲಿ, ಮುದುಕನ ತಲೆದೆಸೆಯಲ್ಲಿ ಎಲ್ಲಾದರೂ ಭಂಡಾರದ ಚೀಲ, ಹಳೆಯ ದೇವರ ಗುರುತು ಕಾಣುತ್ತದೋ ಎಂದು ನೋಡಿದೆ. ನೀರು ತಂದುಕೊಟ್ಟ ಸಮುವೇಲನಿಗೆ ನಾನು ಏನು ಹುಡುಕುತ್ತಿದ್ದೇನೆ ಎಂದು ತಿಳಿಯಿತು ಅನಿಸುತ್ತದೆ, ತಲೆ ತಗ್ಗಿಸಿದ. ಏನೂ ಇರಲಿಲ್ಲ. ಸುರುಳಿ ಸುತ್ತಿದ ಕಂಬಳಿಯನ್ನು ಗೋಡೆಗಿಟ್ಟು ಅದಕ್ಕೆ ಆತುಕೊಂಡು ಯೋಹಾನಪ್ಪ ಕೂತಿದ್ದ. ಎದೆಯಲ್ಲಿ ಸೀಟಿ ಊದಿದಂತೆ ಸದ್ದು. ದಮ್ಮಿನ ರೋಗ.

ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. ಹಳೆಯ ಪದ್ಧತಿಯ ಮೇಲೆ ಮನಸ್ಸು ತಿರುಗಿತೇ ಯಪ್ಪಾ ಎಂದು ನೇರವಾಗಿ ಕೇಳಿದೆ. ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಪದ್ಧತಿ ಗಿದ್ಧತಿ ತನಗೆ ಗೊತ್ತಿಲ್ಲ, ತನ್ನ ಅಪ್ಪನನ್ನು ಕೂರಿಸಿ ಇಟ್ಟಿದ್ದನ್ನು ನೋಡಿದ್ದರಿಂದ ಹಾಗೂ ಇಡಬಹುದಲ್ಲ ಎಂದು ನೆನಪಾಯಿತು, ಅಷ್ಟೇ ಎಂದ. ಆಮೇಲೆ ಉಸಿರು ಎಳೆದುಕೊಂಡು ಹೇಳಿದ:

"ನಾ ಅಂಗಾತ ಮಲಗಿ ಭಾಳ ವರ್ಷ ಆತ್ರಿ ಅಕ್ಕೋರ. ಬೆನ್ನು ನೆಲಕ್ಕ ಹತ್ತಿತಂದ್ರ ಎದಿ ಮ್ಯಾಲ ಕಲ್ಲು ಹೇರಿದಂಗ ಆಗ್ತದ. ಕುಂತ ನಿದ್ದಿ ಮಾಡ್ತೀನಿ."

"ಸತ್ತಮ್ಯಾಲ ಉಸಿರ ಇರಂಗಿಲ್ಲಲ್ಲ ಯಪ್ಪಾ. ಹೆಂಗ ಇಟ್ರ ಏನು?"

"ಸತ್ತಾಗಿಂದು ಚಿಂತಿಲ್ರಿ. ಸ್ವಾಮಿ ಬಂದು ಎಬ್ಬಿಸ್ತಾನಲ್ಲ, ನನಗ ಆವಾಗಿಂದ ಚಿಂತಿ. ಉಸಿರು ಒಳಗ ಬರ್ತದ. ನಾ ಅಂಗಾತ ಬಿದ್ದಿರ್ತೀನಿ, ಮ್ಯಾಲ ಮಣ್ಣು. ಏಳೋದ್ರಾಗ ಮತ್ತ ಸಾಯ್ತೀನಲ್ರಿ."

ಒಂದು ಗಳಿಗೆ ನಗು ಬಂತು. ಅವನ ಮುಖ ನೋಡಿ ನಗು ಅಡಗಿತು. ನನಗೆ ವಚನ ಗೊತ್ತಿತ್ತು, ಬಿಡಲಿಲ್ಲ. ಎದ್ದ ದೇಹಕ್ಕೆ ರೋಗವಿಲ್ಲ, ದಮ್ಮಿಲ್ಲ ಎಂದು ಪಾಠ ಹೇಳಿದಂತೆ ಹೇಳಿದೆ.

"ಅದು ಎದ್ದಮ್ಯಾಲ ಅಲ್ರಿ?" ಎಂದ ಮುದುಕ. "ಕುಂತಿದ್ರ ಲಗೂನ ಏಳ್ತೀನಿ. ಮಾರ್ತವ್ವಗ ಮೊಣಕಾಲು ನೋವು ಇತ್ತು. ಆಕಿನ್ನ ಕೈ ಹಿಡಿದು ನಾನ ಎಬ್ಬಿಸಬೇಕು."

ಸಮುವೇಲ ಮಿಷನ್ನಿನ ಮೇಲೆ ಮುಖ ಇಟ್ಟು ಅಳತೊಡಗಿದ. ಅಪ್ಪನನ್ನು ಯಾಕೆ ಎಂದು ಅವನೂ ಕೇಳಿರಲಿಲ್ಲ. ಮನೆತನದ ಹಳೆಯ ಪದ್ಧತಿ ಅಂದುಕೊಂಡು ನಾಚಿಕೆಯಿಂದ ಸುಮ್ಮನಿದ್ದನಂತೆ. ಅಷ್ಟು ದೂರದಿಂದ ಬಂದು ಭಂಡಾರದ ಚೀಲ ಹುಡುಕಿದ ನನ್ನ ಕಣ್ಣುಗಳ ಮೇಲೆ ನನಗೇ ಸಿಟ್ಟು ಬಂತು. ಇಳಿಹೊತ್ತಿಗೆ ಸಮುವೇಲ ಸಮಾಧಿ ಭೂಮಿಗೆ ಕರೆದೊಯ್ದ. ಮಾರ್ತಮ್ಮನ ಕಲ್ಲಿನ ಪಕ್ಕ ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟಿದ್ದರು, ಅಲ್ಲಿ ಮೇಕೆಗಳು ಮೇಯುತ್ತಿದ್ದವು.

ಮೂರನೆಯ ದಿನ ಮಾನ್ವಿಗೆ ಮರಳಿ, ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ದಾನಿಯೇಲಪ್ಪನವರು ಈಗ ನನ್ನ ಅಸ್ತ್ರವನ್ನೇ ಹಿಡಿದು, ಕೂರಿಸುವುದಕ್ಕೆ ವಚನ ಎಲ್ಲಿದೆ ಎಂದರು. ವಿಶ್ವಾಸ ಪ್ರಮಾಣ ಹೇಳಿರಿ ನೋಡೋಣ ಎಂದೆ. ಪ್ರತಿ ಭಾನುವಾರ ಹೇಳುವುದೇ ತಾನೇ, ಪಟಪಟನೆ ಶುರು ಮಾಡಿದರು. ಶರೀರದ ಪುನರುತ್ಥಾನವನ್ನು ನಂಬುತ್ತೇನೆ ಎಂಬಲ್ಲಿಗೆ ಬಂದು ಅವರ ಬಾಯಿ ನಿಂತಿತು. ಟೋಪಿ ಕೈಗೆತ್ತಿಕೊಂಡು ಅದರ ಅಂಚು ಒರೆಸುತ್ತ ಕೂತರು.

ಆಗ ಪಾಸ್ಟರರು, "ಕುಂದ್ರಿಸಬೇಕಂದ್ರ ಕುಣಿ ಎಷ್ಟು ಆಳ ತೋಡಬೇಕಾಗ್ತದ್ರಿ?" ಎಂದು ಕೇಳಿದರು. ಅಲ್ಲಿಗೆ ತೀರ್ಮಾನವಾದಂತೆ. ತಾವೇ ಮುಂದೆ ನಿಂತು ಮಾಡಿಸುವುದಾಗಿ ಸಮುವೇಲನಿಗೆ ಹೇಳಿ ಕಳಿಸಿದರು.

ರಾಯಚೂರಿನ ಬಸ್ಸಿಗೆ ಕೂರಿಸಲು ಪಾಸ್ಟರರು ನಿಲ್ದಾಣದವರೆಗೂ ಬಂದರು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, "ಅಕ್ಕೋರ, ಸತ್ತಮ್ಯಾಲ ನೀವು ಹಂಗ ಏಳ್ತೀರಂತ ನಿಮಗ ಖರೇನ ಅನಸ್ತದ ಏನ್ರಿ?" ಎಂದು ಮೆಲ್ಲಗೆ ಕೇಳಿದರು. ಇದೆಂಥ ಪ್ರಶ್ನೆ, ಅನಿಸದೆ ಏನು ಎಂದೆ. ಬಸ್ಸು ಬಿಟ್ಟಿತು. ಮಾನ್ವಿ ದಾಟಿತು, ನೆಲ್ಲು ಮುಗಿದು ಜೋಳದ ಬಯಲು ಬಂತು. ಆ ಮುದುಕ ಏಳುವಾಗ ಉಸಿರು ಹೇಗೆ ಬರುತ್ತದೆ, ಹೆಂಡತಿಯನ್ನು ಹೇಗೆ ಕೈ ಹಿಡಿದು ಎಬ್ಬಿಸಬೇಕು ಎಂದೆಲ್ಲ ಯೋಚಿಸಿ ಇಟ್ಟುಕೊಂಡಿದ್ದ. ಇಷ್ಟು ವರ್ಷ ಅದೇ ಪಾಠ ಹೇಳಿದ ನಾನು, ನನ್ನನ್ನು ಎಲ್ಲಿ ಮಣ್ಣು ಮಾಡುತ್ತಾರೆ ಎಂದು ಯೋಚಿಸಿದ್ದೆ. ಅಲ್ಲಿಂದ ಏಳುವುದನ್ನು ಒಂದು ಸಲವೂ ಯೋಚಿಸಿರಲಿಲ್ಲ.