ನಮ್ಮನೆಯ ಪೆದ್ದಿ

ನನ್ನ ಓರಗಿತ್ತಿಯನ್ನು ಮನೆಮಂದಿಯೆಲ್ಲ ಪೆದ್ದಿ ಎಂದೇ ಕರೆಯುತ್ತಾರೆ. ಅವಳೂ ಓ ಎನ್ನುತ್ತಾಳೆ. ಉಪ್ಪು ತರಲು ಹೋದರೆ ಸಕ್ಕರೆ ತರುತ್ತಾಳೆ, ನಮ್ಮ ಬೀದಿಯಲ್ಲೇ ದಾರಿ ತಪ್ಪಿ ಪಕ್ಕದ ಮನೆಯ ಬಾಗಿಲು ತಟ್ಟುತ್ತಾಳೆ. "ಬುದ್ಧಿ ಹಂಚೋವಾಗ ಎಲ್ಲಿದ್ದೆ ನೀನು?" ಎಂದು ಅವಳ ಗಂಡ, ನನ್ನ ಮೈದುನ, ಛೇಡಿಸಿದರೆ, "ನಿಮ್ಮನ್ನೇ ಹುಡುಕ್ತಾ ಇದ್ದೆ ಕಣ್ರೀ" ಎಂದು ನಗುತ್ತಾಳೆ. ಆದರೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಿನಿಂದಲೇ, ಬಂದವರಿಗೆ ಯಾರ ಮೇಲೆ ಸಿಟ್ಟು ಎಂದು ಹೇಳಬಲ್ಲಳು. ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಕರೆದು, "ಈ ಬೀರು ಒಂಚೂರು ಸರಿಸ್ಕೊಡಿ" ಎನ್ನುತ್ತಾಳೆ. ಎರಡು ತುದಿ ಹಿಡಿದವರು "ಎತ್ತು", "ತಾಳು" ಎನ್ನದೆ ವಿಧಿಯಿಲ್ಲ. ನಮ್ಮ ಬೀರು ಹೀಗೆ ಮನೆಯನ್ನೆಲ್ಲ ಸುತ್ತಿದೆ. ಇದು ಯಾವ ಜಾತಿಯ ಬುದ್ಧಿಯೋ ನಾನರಿಯೆ, ಬೆರಗಾಗುವುದಷ್ಟೇ ಗೊತ್ತು. ಮೊನ್ನೆ ನನ್ನ ಮಗಳು ಹೆತ್ತ ಕೂಸನ್ನು ಕಳೆದುಕೊಂಡು, ಅನ್ನ ಮಾತು ಎರಡನ್ನೂ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಡಾಕ್ಟರು ತಿಳಿಹೇಳಿದರು, ನಾನು ಗೋಗರೆದೆ, ಅವಳು ಏಳಲಿಲ್ಲ. ಆಗ ಪೆದ್ದಿ ಅಡುಗೆಮನೆಯಲ್ಲಿ ಕೂತು, ದಿಂಬಿನ ಚೀಲವೊಂದರ ಗಟ್ಟಿಯಾಗಿದ್ದ ಹೊಲಿಗೆ ಬಿಚ್ಚುತ್ತಿದ್ದುದನ್ನು ಕಂಡೆ. ಅದನ್ನು ಹಿಡಿದು ಮಗಳ ಪಕ್ಕಕ್ಕೆ ಹೋಗಿ, "ಕಣ್ಣು ಮಂಜು ಕಣೇ, ಸೂಜಿಗೆ ದಾರ ಪೋಣಿಸ್ಕೊಡು" ಎಂದಳು. ಪೆದ್ದಿಯದು ಹದ್ದಿನ ಕಣ್ಣು. ನಾನು ಬಾಗಿಲಲ್ಲೇ ನಿಂತೆ. ಮಗಳು ಬಹಳ ಹೊತ್ತಿನ ಮೇಲೆ ಎದ್ದು ಕೂತು, ದಾರ ಪೋಣಿಸಿ, "ಚಿಕ್ಕಮ್ಮ, ಗಂಟೂ ಹಾಕ್ಲಾ?" ಎಂದಳು. "ಹಾಕು ಮಗಳೇ," ಎಂದಳು ಪೆದ್ದಿ, "ನನಗೆ ಅದೂ ಬರಲ್ಲ."